ಕೊನೆಗಾಲದ ಚಿಕಿತ್ಸೆ ನಿಮ್ಮ ಇಷ್ಟದಂತೆ ನಡೆಯಬೇಕೇ? ಲಿವಿಂಗ್ ವಿಲ್ ಬರೆಯುವ ಕ್ರಮ ಇಲ್ಲಿದೆ

"ಅಮ್ಮ ಐಸಿಯು ಬೇಡವೇ ಬೇಡ ಅಂತಾರೆ. ಅದನ್ನು ಬರೆದಿಟ್ಟರೆ ಆಸ್ಪತ್ರೆಯವರು ಒಪ್ಪುತ್ತಾರಾ?" "ಲಿವಿಂಗ್ ವಿಲ್ ಮಾಡಿಸಲು ಕೋರ್ಟಿಗೆ ಅಲೆಯಬೇಕಂತೆ, ಹೌದಾ?" "ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ನಮಗೇನಾದರೂ ಆದರೆ ಸಹಿ ಹಾಕುವವರು ಯಾರು?"

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಒಂದೇ ಕಡೆ ಬರೆದಿದ್ದೇನೆ. ಓದುವಾಗ ಒಂದು ವಿಷಯ ನೆನಪಿರಲಿ. ಕಾಗದಕ್ಕಿಂತ ಮುಖ್ಯ, ನಿಮ್ಮ ಪರವಾಗಿ ಮಾತಾಡುವ ವ್ಯಕ್ತಿ. ಐಸಿಯು ಬಾಗಿಲಲ್ಲಿ ನಿಂತು "ಸಾಕು ಡಾಕ್ಟ್ರೇ" ಎನ್ನುವುದು ಯಾರಿಗೂ ಸುಲಭವಲ್ಲ. ಹಾಗೆ ಹೇಳಿದ ಮಗಳನ್ನೋ ಮಗನನ್ನೋ ಆಮೇಲೆ ವರ್ಷಗಟ್ಟಲೆ ಅನುಮಾನ ಕಾಡುತ್ತದೆ. ಅವರ ಬೆನ್ನಿಗೆ ನಿಲ್ಲಲಿಕ್ಕೆ ನಿಮ್ಮ ಕಾಗದ ಬೇಕು.

ಕಾನೂನು ಏನು ಹೇಳುತ್ತದೆ?

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ದಾಳಿಯಾಯಿತು. ಆಮೇಲೆ 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ವಿಷಯದಲ್ಲಿ 2011ರಲ್ಲಿ ಬಂದ ತೀರ್ಪಿನಿಂದ, ಚೇತರಿಸಿಕೊಳ್ಳದ ರೋಗಿಯ ಚಿಕಿತ್ಸೆ ನಿಲ್ಲಿಸಬಹುದೇ ಎಂಬ ಚರ್ಚೆ ದೇಶದ ತುಂಬ ಹಬ್ಬಿತು. 2018ರ ಮಾರ್ಚ್ 9ರಂದು 'ಕಾಮನ್ ಕಾಸ್' ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದಿತು. ಲಿವಿಂಗ್ ವಿಲ್ ಬರೆದಿಡಲು ಒಪ್ಪಿಗೆಯನ್ನೂ ಕೊಟ್ಟಿತು. ಆಗ ಹಾಕಿದ್ದ ಷರತ್ತುಗಳು ಬಿಗಿಯಾಗಿದ್ದವು. 2023ರ ಜನವರಿ 24ರಂದು ಕೋರ್ಟೇ ಅವನ್ನು ಸಡಿಲಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ರಾಜ್ಯದಲ್ಲಿ ಜಾರಿಗೆ ತರುವ ಸುತ್ತೋಲೆ ಹೊರಡಿಸಿತು.

ಲಿವಿಂಗ್ ವಿಲ್ ಎಂದರೆ, ಮುಂದೆ ನಿಮಗೆ ಮಾತಾಡುವ, ತೀರ್ಮಾನಿಸುವ ಶಕ್ತಿ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡುವ ಪತ್ರ. ಸುತ್ತೋಲೆಯಲ್ಲಿ, ಆಸ್ಪತ್ರೆಗಳಲ್ಲಿ ಇದನ್ನೇ 'ಎಎಂಡಿ', ಅಂದರೆ ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್ ಎನ್ನುತ್ತಾರೆ. ಆಸ್ತಿ ಹಂಚುವ ಉಯಿಲು ಬೇರೆ. ಅದು ಸತ್ತ ಮೇಲೆ ಜಾರಿಗೆ ಬರುತ್ತದೆ, ಇದು ಬದುಕಿರುವಾಗ.

ಇದು ದಯಾಮರಣವಾ ಎಂದು ಹೆದರುವವರು ಇದ್ದಾರೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ಇಲ್ಲಿರುವುದು, ಗುಣವಾಗುವ ಭರವಸೆಯೇ ಇಲ್ಲದಾಗ ಯಂತ್ರಗಳನ್ನು ನಿಲ್ಲಿಸಿ ಕಾಯಿಲೆಯನ್ನು ಅದರ ಪಾಡಿಗೆ ಬಿಡುವ ಅವಕಾಶ ಮಾತ್ರ. ಇನ್ನೊಂದು ಭಯ, ಈ ಪತ್ರ ಇದ್ದರೆ ಅಪಘಾತವಾದಾಗಲೂ ಡಾಕ್ಟರ್ ಚಿಕಿತ್ಸೆ ಕೊಡುವುದಿಲ್ಲವೇನೋ ಎಂಬುದು. ಹಾಗಾಗುವುದಿಲ್ಲ. ಕಾಯಿಲೆ ಗುಣವಾಗದ ಹಂತಕ್ಕೆ ಬಂದಿರಬೇಕು, ನಿಮಗೆ ತೀರ್ಮಾನಿಸುವ ಶಕ್ತಿ ಹೋಗಿರಬೇಕು. ಎರಡೂ ಕೂಡಿ ಬಂದಾಗ ಮಾತ್ರ ಪತ್ರಕ್ಕೆ ಕೆಲಸ. ಅಲ್ಲಿಯವರೆಗೆ ನಿಮ್ಮ ಬಾಯಿಮಾತೇ ಕೊನೆಯ ಮಾತು.

ಏನೇನು ಬೇಕು?

ನಿಮಗೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಗುರುತಿನ ಚೀಟಿ, ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ, ನಿಮ್ಮ ಪರ ತೀರ್ಮಾನ ಹೇಳುವ ಒಬ್ಬಿಬ್ಬರು. ಇಷ್ಟೇ. ಇದಕ್ಕೆ ವಕೀಲರು ಕಡ್ಡಾಯವಲ್ಲ.

1. ಮನೆಯಲ್ಲಿ ಮಾತು ಎತ್ತಿ

ಎಲ್ಲಕ್ಕಿಂತ ಕಷ್ಟದ ಹಂತ ಇದೇ. "ಬಿಡ್ತು ಅನ್ನಿ, ಅಂಥ ಮಾತು ಯಾಕೆ ಈಗ?" ಎಂದು ಮನೆಯವರು ಬಾಯಿ ಮುಚ್ಚಿಸುತ್ತಾರೆ. ಹಬ್ಬದ ದಿನ, ಊಟದ ಎಲೆ ಮುಂದೆ ಶುರು ಮಾಡಬೇಡಿ. ನೆಂಟರಲ್ಲಿ ಯಾರಾದರೂ ಆಸ್ಪತ್ರೆ ಸೇರಿ ಬಂದ ಮೇಲೆ ಮಾತು ತಾನಾಗಿ ಆ ಕಡೆ ತಿರುಗುತ್ತದೆ. ಆಗ "ನನಗೆ ಹಾಗಾದರೆ ಏನು ಮಾಡಬೇಕು ಅಂತ ಹೇಳ್ತೀನಿ, ಕೇಳಿಸ್ಕೊಳ್ಳಿ" ಎಂದು ಹೇಳಿಬಿಡಿ.

ಮಕ್ಕಳು ಕೇಳುವುದಾದರೆ ನೇರವಾಗಿ "ವೆಂಟಿಲೇಟರ್ ಬೇಕಾ ಬೇಡವಾ" ಎಂದು ಕೇಳಬೇಡಿ. "ಅಮ್ಮ, ನಿಂಗೆ ಹುಷಾರಿಲ್ಲದೆ ಹೋದ್ರೆ ಯಾವುದಕ್ಕೆ ಹೆಚ್ಚು ಹೆದರಿಕೆ? ನೋವಿಗಾ, ಒಬ್ಬಳೇ ಇರೋದಕ್ಕಾ, ಇನ್ನೊಬ್ಬರಿಗೆ ಭಾರ ಆಗೋದಕ್ಕಾ?" ಎಂದು ಕೇಳಿ. ಆ ಉತ್ತರದಲ್ಲಿ ಅರ್ಧ ಲಿವಿಂಗ್ ವಿಲ್ ಸಿಗುತ್ತದೆ.

ಎಲ್ಲ ಮಕ್ಕಳಿಗೂ ಒಟ್ಟಿಗೆ ಹೇಳಿ. ಒಬ್ಬರಿಗೆ ಮಾತ್ರ ಹೇಳಿದರೆ ಉಳಿದವರು ಆಸ್ಪತ್ರೆಯಲ್ಲಿ "ಅಪ್ಪ ನನ್ನ ಹತ್ರ ಹಾಗೆ ಹೇಳಿರಲಿಲ್ಲ" ಎಂದು ಜಗಳಕ್ಕೆ ನಿಲ್ಲುತ್ತಾರೆ. ವಿದೇಶದಲ್ಲಿರುವವರನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಳ್ಳಿ. ದೂರದಿಂದ ಕೊನೇ ಗಳಿಗೆಯಲ್ಲಿ ಓಡಿ ಬರುವವರೇ ಸಾಮಾನ್ಯವಾಗಿ "ಎಲ್ಲಾ ಮಾಡಿ ಡಾಕ್ಟ್ರೇ" ಎಂದು ಪಟ್ಟು ಹಿಡಿಯುತ್ತಾರೆ. ಅವರದ್ದೂ ಪ್ರೀತಿಯೇ.

2. ಆಸ್ಪತ್ರೆಯ ಪದಗಳನ್ನು ಮೊದಲೇ ತಿಳಿದುಕೊಳ್ಳಿ

ನಿಮ್ಮ ಕಾಯಿಲೆ ನೋಡುವ ವೈದ್ಯರ ಜೊತೆ ಸ್ವಲ್ಪ ಹೊತ್ತು ಕೂತು ಇವನ್ನು ಕೇಳಿ ತಿಳಿದುಕೊಳ್ಳಿ.

ಸಿಪಿಆರ್: ನಿಂತ ಹೃದಯವನ್ನು ಎದೆ ಒತ್ತಿ, ಶಾಕ್ ಕೊಟ್ಟು ಮತ್ತೆ ಓಡಿಸುವ ಪ್ರಯತ್ನ. ಆರೋಗ್ಯವಾಗಿದ್ದವರಿಗೆ ಹಠಾತ್ ಹೃದಯ ನಿಂತಾಗ ಜೀವ ಉಳಿಸಬಲ್ಲದು. ಕೊನೆ ಹಂತದ ಕ್ಯಾನ್ಸರ್‌ನಲ್ಲಿ, ವಯಸ್ಸಾಗಿ ಸೊರಗಿದ ದೇಹದಲ್ಲಿ ಉಪಯೋಗ ತೀರ ಕಡಿಮೆ. ಪಕ್ಕೆಲುಬು ಮುರಿಯುವುದೂ ಉಂಟು. ಇದು ಬೇಡ ಎಂಬ ಸೂಚನೆಗೆ ಡಿಎನ್ಆರ್ ಅಥವಾ ಡಿಎನ್ಎಆರ್ ಎನ್ನುತ್ತಾರೆ. ಈ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವೈದ್ಯರಿಗೆ ಮಾರ್ಗಸೂಚಿ ಕೊಟ್ಟಿದೆ.

ವೆಂಟಿಲೇಟರ್: ಗಂಟಲಲ್ಲಿ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸುವುದು. ತುಂಬ ದಿನವಾದರೆ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಹಾಕುತ್ತಾರೆ. ಅದು ಟ್ರೇಕಿಯಾಸ್ಟಮಿ.

ಡಯಾಲಿಸಿಸ್: ಕೆಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರದಿಂದ ಮಾಡಿಸುವುದು.

ರೈಲ್ಸ್ ಟ್ಯೂಬ್: ಮೂಗಿನಿಂದ ಹೊಟ್ಟೆಗೆ ಇಳಿಸುವ ಆಹಾರದ ನಳಿಕೆ. ಮನೆಗಳಲ್ಲಿ ಜಾಸ್ತಿ ಸಂಕಟ ಹುಟ್ಟುವುದು ಇದರ ವಿಷಯಕ್ಕೇ. "ಹೊಟ್ಟೆಗೆ ಹಾಕದೆ ಸಾಯಿಸಿದರು" ಎಂಬ ಮಾತು ಕೇಳಬೇಕಾಗುತ್ತದಲ್ಲ ಎಂಬ ಭಯ ಎಲ್ಲರಿಗೂ ಇರುತ್ತದೆ. ಕೊನೆಯ ದಿನಗಳಲ್ಲಿ ದೇಹಕ್ಕೇ ಆಹಾರ ಬೇಡವಾಗುತ್ತದೆ. ಊಟ ಬಿಟ್ಟಿದ್ದರಿಂದ ಅವರು ಹೋಗುತ್ತಿರುವುದಲ್ಲ, ಹೋಗುವ ಹಂತಕ್ಕೆ ಬಂದಿದ್ದರಿಂದ ಊಟ ಬಿಟ್ಟಿದ್ದಾರೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ತುಂಬ ಮುಂದುವರಿದ ಮೇಲೆ ನಳಿಕೆ ಹಾಕಿದರೆ ಆಯುಷ್ಯ ಹೆಚ್ಚುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಹಿಡಿಸಿದಷ್ಟನ್ನು ಕೈಯಾರೆ ತಿನ್ನಿಸುವುದು, ಬಾಯಿ ಒದ್ದೆ ಮಾಡುತ್ತಿರುವುದು ಅವರಿಗೆ ಹೆಚ್ಚು ಹಿತ. ಪಾರ್ಶ್ವವಾಯು ಆದವರಿಗೆ ನುಂಗಲು ಬರುವವರೆಗೆ ಕೆಲವು ದಿನ ನಳಿಕೆ ಹಾಕುವುದು ಬೇರೆ ವಿಷಯ, ಅದು ಚೇತರಿಕೆಗೆ ಬೇಕಾದದ್ದು. ಹಾಗಾಗಿ "ನಳಿಕೆ ಬೇಡ" ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವಾಗ ಬೇಡ ಎಂಬುದನ್ನೂ ಬರೆಯಿರಿ.

3. ನಿಮ್ಮ ಪರ ಮಾತಾಡುವವರನ್ನು ಆರಿಸಿ

ಪತ್ರದಲ್ಲಿ ಒಬ್ಬರು ಅಥವಾ ಹೆಚ್ಚು ಪೋಷಕರ (ಅಪ್ಪ ಅಮ್ಮ ಅಲ್ಲ, ಗಾರ್ಡಿಯನ್) ಇಲ್ಲವೇ ಹತ್ತಿರದ ಬಂಧುಗಳ ಹೆಸರು ಬರೆಯಬೇಕು. ನಿಮಗೆ ಎಚ್ಚರವಿಲ್ಲದಾಗ ಚಿಕಿತ್ಸೆ ಬೇಡವೆಂದು ಒಪ್ಪಿಗೆ ಕೊಡುವವರು ಇವರೇ. ಇಬ್ಬರನ್ನು ಹೆಸರಿಸಿ, ಅವರಲ್ಲಿ ಮೊದಲು ಯಾರ ಮಾತು ಎಂಬುದನ್ನೂ ಸ್ಪಷ್ಟಪಡಿಸಿ.

ದೊಡ್ಡ ಮಗ ಎಂಬ ಒಂದೇ ಕಾರಣಕ್ಕೆ ಅವನ ಹೆಸರು ಹಾಕಬೇಡಿ. ಫೋನ್ ಮಾಡಿದರೆ ಬೇಗ ಬರಬಲ್ಲವರು, ಒತ್ತಡದಲ್ಲೂ ಗಟ್ಟಿಯಾಗಿ ನಿಲ್ಲುವವರು, ತಮ್ಮ ಇಷ್ಟವನ್ನು ಬದಿಗಿಟ್ಟು ನಿಮ್ಮ ಇಷ್ಟ ಹೇಳುವವರು ಬೇಕು. ಬಹಳ ಮನೆಗಳಲ್ಲಿ ಅದು ಸೊಸೆ ಅಥವಾ ತಂಗಿಯ ಮಗ ಆಗಿರಬಹುದು. ಮಕ್ಕಳು ದೂರ ಇದ್ದರೆ ಊರಲ್ಲೇ ಇರುವ ಒಬ್ಬರ ಹೆಸರು ಖಂಡಿತ ಇರಲಿ. ಹೆಸರು ಬರೆಯುವ ಮೊದಲು ಅವರನ್ನು ಕೇಳಿ. "ನನ್ನ ಕೈಲಾಗಲ್ಲ" ಎಂದರೆ ಬೇಜಾರು ಮಾಡಿಕೊಳ್ಳಬೇಡಿ, ಈಗಲೇ ಹೇಳಿದ್ದು ಒಳ್ಳೆಯದಾಯಿತು.

4. ಪತ್ರ ಬರೆಯಿರಿ

ಕನ್ನಡದಲ್ಲೇ ಬರೆಯಬಹುದು. ಬೇರೆ ರಾಜ್ಯದ ವೈದ್ಯರೂ ಓದುವಂತೆ ಇಂಗ್ಲಿಷ್‌ನಲ್ಲಿ ಇನ್ನೊಂದು ಪ್ರತಿ ಮಾಡಿ ಅದಕ್ಕೂ ಸಹಿ ಹಾಕಿಸಿ. ಮಾದರಿ ಹೀಗಿರಲಿ:

"ನಾನು, (ಹೆಸರು, ವಯಸ್ಸು, ವಿಳಾಸ), ಪೂರ್ತಿ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆಯುತ್ತಿದ್ದೇನೆ. ಇದರ ಪರಿಣಾಮ ನನಗೆ ಅರ್ಥವಾಗಿದೆ. ನನಗೆ ಗುಣವಾಗದ ಕಾಯಿಲೆ ಬಂದು, ಚೇತರಿಸಿಕೊಳ್ಳುವ ಭರವಸೆ ಇಲ್ಲವೆಂದು ವೈದ್ಯರು ತೀರ್ಮಾನಿಸಿದಾಗ, ನನ್ನ ತೀರ್ಮಾನ ನಾನೇ ಹೇಳಲು ಆಗದಿದ್ದರೆ, ನನ್ನನ್ನು ವೆಂಟಿಲೇಟರ್‌ಗೆ ಹಾಕಬೇಡಿ. ಹಾಕಿದ್ದರೆ ತೆಗೆಯಿರಿ. ಸಿಪಿಆರ್, ಡಯಾಲಿಸಿಸ್, ಟ್ರೇಕಿಯಾಸ್ಟಮಿ ಬೇಡ. ಆ ಹಂತದಲ್ಲಿ ಮೂಗಿನ ನಳಿಕೆಯಿಂದ ಆಹಾರ ಬೇಡ. ನೋವು, ಉಸಿರಾಟದ ಸಂಕಟ, ಗಾಬರಿ ಕಡಿಮೆ ಮಾಡುವ ಚಿಕಿತ್ಸೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಆಗ ನನ್ನ ಪರವಾಗಿ ಒಪ್ಪಿಗೆ ಕೊಡಬೇಕಾದವರು (ಹೆಸರು, ಸಂಬಂಧ, ಫೋನ್). ಈ ಪತ್ರವನ್ನು ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು ನನಗಿದೆ."

ನಿಮಗೆ ಬೇಡದ್ದನ್ನು ತೆಗೆಯಿರಿ, ಬೇಕಾದ್ದನ್ನು ಸೇರಿಸಿ. "ಸುಮ್ನೆ ನರಳಿಸಬೇಡಿ", "ವಿಪರೀತ ಚಿಕಿತ್ಸೆ ಬೇಡ" ಎಂಬಂಥ ತೇಲಿಸಿದ ಮಾತು ಮಾತ್ರ ಬೇಡ. ಪತ್ರ ಅಸ್ಪಷ್ಟವಾಗಿದ್ದರೆ ಆಸ್ಪತ್ರೆಯ ವೈದ್ಯಕೀಯ ಮಂಡಳಿ (7ನೇ ಹಂತ ನೋಡಿ) ಅದನ್ನು ಪಕ್ಕಕ್ಕಿಡಬಹುದು.

ಚಿಕಿತ್ಸೆಯ ಆಚೆಯ ಆಸೆಗಳನ್ನೂ ಬರೆಯಿರಿ. ಮನೆಯಲ್ಲೇ ಇರಬೇಕು, ಬಾಯಿಗೆ ತುಳಸಿ ನೀರು ಬಿಡಬೇಕು, ಪಾದ್ರಿಯವರನ್ನು ಕರೆಸಬೇಕು, ಕಿವಿಯಲ್ಲಿ ಕಲಿಮಾ ಹೇಳಬೇಕು, ಯಾವುದೇ ಇರಲಿ. ಐಸಿಯು ಒಳಗೆ ಇವುಗಳಿಗೆ ಜಾಗ ಸಿಗುವುದು ಕಷ್ಟ. ನಿಮಗೆ ಇವು ಮುಖ್ಯ ಎಂದು ಗೊತ್ತಿದ್ದರೆ ಮನೆಯವರು ಬೇಗ ತೀರ್ಮಾನಕ್ಕೆ ಬರುತ್ತಾರೆ.

ಅಂಗದಾನದ ಮನಸ್ಸಿದ್ದರೆ ಒಂದು ಸಾಲು ಹೆಚ್ಚಿಗೆ ಬರೆಯಲೇಬೇಕು. ಮೆದುಳು ಸತ್ತ ಮೇಲೆ ಅಂಗಗಳನ್ನು ತೆಗೆಯುವವರೆಗೆ ದೇಹವನ್ನು ವೆಂಟಿಲೇಟರ್‌ನಲ್ಲಿ ಇಟ್ಟಿರುತ್ತಾರೆ. "ಅಂಗದಾನಕ್ಕಾಗಿ ಬೇಕಾದಷ್ಟು ಹೊತ್ತು ವೆಂಟಿಲೇಟರ್‌ಗೆ ನನ್ನ ಒಪ್ಪಿಗೆ ಇದೆ" ಎಂದು ಸೇರಿಸಿ. ಇಲ್ಲದಿದ್ದರೆ ನಿಮ್ಮ ಎರಡು ಆಸೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಕರ್ನಾಟಕದಲ್ಲಿ ಅಂಗದಾನದ ಕೆಲಸ ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ. ಕಣ್ಣಿನ ದಾನಕ್ಕೆ ಈ ತೊಡಕಿಲ್ಲ, ಮನೆಯಲ್ಲಿ ತೀರಿಕೊಂಡರೂ ಆಗುತ್ತದೆ. ಸುಮಾರು 6 ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ತಿಳಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿರಬೇಕು.

5. ಸಾಕ್ಷಿ, ನೋಟರಿ

ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ. ಸಾಕ್ಷಿಗಳು ಆದಷ್ಟು ಮಟ್ಟಿಗೆ ಸಂಬಂಧವಿಲ್ಲದವರಾಗಿರಲಿ. ನಿಮ್ಮ ಆಸ್ತಿಗೆ ವಾರಸುದಾರರಾದವರು, ಪತ್ರದಲ್ಲಿ ಪೋಷಕರೆಂದು ಹೆಸರಿರುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ಪಕ್ಕದ ಮನೆಯವರು, ಹಳೆಯ ಸಹೋದ್ಯೋಗಿ ಸಾಕು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಛಾಪಾ ಕಾಗದವನ್ನು ಕೋರ್ಟ್ ಮಾರ್ಗಸೂಚಿ ಕೇಳುವುದಿಲ್ಲ. ನೋಟರಿ ಕೇಳಿದರೆ ಬಳಸಿ, ಅದಕ್ಕಾಗಿ ಜಗಳ ಬೇಡ.

ಇಲ್ಲಿ ಜನ ಎಡವುವುದು ಹಳೆಯ ನಮೂನೆಯಿಂದ. 2018ರ ಕ್ರಮದಲ್ಲಿ ಮ್ಯಾಜಿಸ್ಟ್ರೇಟರ ಮೇಲುರುಜು ಬೇಕಿತ್ತು. ವಾಟ್ಸಾಪ್‌ನಲ್ಲಿ ಓಡಾಡುವ ಎಷ್ಟೋ ಫಾರಂಗಳಲ್ಲಿ ಅದು ಇನ್ನೂ ಇದೆ. 2023ರ ನಂತರ ಅದು ಬೇಕಿಲ್ಲ.

ಮರೆವಿನ ಕಾಯಿಲೆ ಶುರುವಾಗಿದೆ ಎಂದು ಗೊತ್ತಾದವರು ತಡಮಾಡಬೇಡಿ. ಆರಂಭದ ಹಂತದಲ್ಲಿ ಹೆಚ್ಚಿನವರಿಗೆ ತೀರ್ಮಾನಿಸುವ ಶಕ್ತಿ ಇರುತ್ತದೆ. ಸಹಿ ಹಾಕುವ ದಿನವೇ ವೈದ್ಯರಿಂದ "ಇವರಿಗೆ ವಿಷಯ ಅರ್ಥವಾಗುತ್ತದೆ" ಎಂಬ ಪತ್ರ ಪಡೆದು ಜೊತೆಗಿಡಿ. ಇನ್ನೊಂದು ಗೊಂದಲವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ 'ಅಡ್ವಾನ್ಸ್ ಡೈರೆಕ್ಟಿವ್' ಎಂಬ, ಹೆಚ್ಚುಕಡಿಮೆ ಇದೇ ಹೆಸರಿನ ನಿರ್ದೇಶನ ಪತ್ರವಿದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ, ಫಾರಂ ಬೇರೆ.

6. ಪ್ರತಿಗಳನ್ನು ಸರಿಯಾದ ಕೈಗೆ ತಲುಪಿಸಿ

ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗಿಟ್ಟ ಪತ್ರ ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಪ್ರತಿ ಪೋಷಕರಿಗೆ, ಒಂದು ಮಕ್ಕಳಿಗೆ, ಒಂದು ನಿಮ್ಮ ಕುಟುಂಬದ ವೈದ್ಯರಿಗೆ ಕೊಡಿ. ಫೋನಿನಲ್ಲಿ ಪಿಡಿಎಫ್ ಇರಲಿ. ಆಸ್ಪತ್ರೆಯ ಫೈಲಿನಲ್ಲಿ ಸೇರಿಸಿ, ಡಿಜಿಟಲ್ ಆರೋಗ್ಯ ದಾಖಲೆಗೂ ಹಾಕಬಹುದು.

ಮಾರ್ಗಸೂಚಿಯ ಪ್ರಕಾರ ಸ್ಥಳೀಯ ಸಂಸ್ಥೆಯ ನಿಗದಿತ ಅಧಿಕಾರಿಗೂ ಒಂದು ಪ್ರತಿ ಹೋಗಬೇಕು. ಪಂಚಾಯ್ತಿ, ಪುರಸಭೆ, ಪಾಲಿಕೆ ಯಾವುದಾದರೂ ಸರಿ. ಆಸ್ಪತ್ರೆಯವರು ಪತ್ರ ನಿಜವೋ ಎಂದು ಅಲ್ಲಿ ಪರಿಶೀಲಿಸಬಹುದು. ಕಚೇರಿಯಲ್ಲಿ "ಇಂಥದ್ದು ನಮಗೆ ಗೊತ್ತಿಲ್ಲ" ಎಂದರೆ ವಾಪಸ್ ಬರಬೇಡಿ. ಆಯುಕ್ತರ, ಮುಖ್ಯಾಧಿಕಾರಿಯ ಇಲ್ಲವೇ ಪಿಡಿಒ ಹೆಸರಿಗೆ ಒಂದು ಅರ್ಜಿ ಲಗತ್ತಿಸಿ ಆ ಕಚೇರಿಯ ಟಪಾಲು ವಿಭಾಗಕ್ಕೆ ಕೊಡಿ. ಸೀಲು ಹಾಕಿದ ಸ್ವೀಕೃತಿ ಇಟ್ಟುಕೊಳ್ಳಿ.

7. ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಪತ್ರ ತೋರಿಸಿದ ತಕ್ಷಣ ಯಂತ್ರ ನಿಲ್ಲಿಸುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಸೇರಿದ ಮೊದಲ ಮಂಡಳಿ ನೋಡುತ್ತದೆ. ಅದು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು ಇರುತ್ತಾರೆ. ಒಂದೊಂದು ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಪೋಷಕರ ಒಪ್ಪಿಗೆ ಬೇಕು. ಜಾರಿಗೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡುತ್ತದೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟ್‌ಗೆ ಹೋಗಬಹುದು. ಲಿವಿಂಗ್ ವಿಲ್ ಇಲ್ಲದವರಿಗೂ ಹತ್ತಿರದ ಬಂಧುಗಳ ಒಪ್ಪಿಗೆ ಮೇಲೆ ಹೆಚ್ಚುಕಡಿಮೆ ಇದೇ ದಾರಿ ಇದೆ. ಆದರೆ ಆಗ ಎಲ್ಲ ಭಾರ ಅವರ ತಲೆ ಮೇಲೆ.

ದುಡ್ಡು ಮುಗಿದಾಗ, ಭರವಸೆ ಹೋದಾಗ ನಮ್ಮಲ್ಲಿ ಜನ ಮಾಡುವುದು ಬೇರೆಯೇ. ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಎಂದು ಬರೆದುಕೊಟ್ಟು ಮನೆಗೆ ಕರೆತರುತ್ತಾರೆ. ಕೈಯಲ್ಲಿ ನೋವಿನ ಔಷಧಿ ಇರುವುದಿಲ್ಲ, ಉಸಿರು ಕಟ್ಟಿದರೆ ಏನು ಮಾಡಬೇಕು ಗೊತ್ತಿರುವುದಿಲ್ಲ. ದಯವಿಟ್ಟು ಹಾಗೆ ಬರಬೇಡಿ. "ಕೊನೆಗಾಲದ ಆರೈಕೆಗೆ ಮನೆಗೆ ಒಯ್ಯುತ್ತೇವೆ. ಔಷಧಿ ಚೀಟಿ, ಯಾರಿಗೆ ಫೋನ್ ಮಾಡಬೇಕು, ಎರಡೂ ಬರೆದುಕೊಡಿ" ಎಂದು ಕೇಳಿ.

8. ಯಂತ್ರ ಬೇಡ ಎಂದರೆ ಮತ್ತೇನು ಬೇಕು?

ಇದಕ್ಕೆ ಉತ್ತರ ಪ್ಯಾಲಿಯೇಟಿವ್ ಆರೈಕೆ. ನೋವು, ದಮ್ಮು, ವಾಂತಿ, ಗಾಬರಿಯನ್ನು ತಗ್ಗಿಸಿ, ಮನೆಯವರಿಗೂ ಧೈರ್ಯ ಹೇಳುವ ಚಿಕಿತ್ಸೆ ಇದು. ಕೊನೇ ವಾರಕ್ಕೆ ಕಾಯಬೇಡಿ, ಕಾಯಿಲೆ ಗೊತ್ತಾದಾಗಿನಿಂದಲೇ ಉಳಿದ ಚಿಕಿತ್ಸೆಯ ಜೊತೆ ಪಡೆಯಬಹುದು. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಕಿದ್ವಾಯಿ ಸಂಸ್ಥೆಯಲ್ಲಿ, ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಇದಕ್ಕೇ ವಿಭಾಗಗಳಿವೆ. ನೋವು ತಗ್ಗಿಸುವ ಮಾರ್ಫಿನ್ ಎಂದರೆ ಹೆದರಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಸಾವನ್ನು ಬೇಗ ತರುವುದಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಬರೆಸಿಕೊಳ್ಳಿ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆ ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭ. ಪ್ರತಿ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ, ಆದ್ದರಿಂದ ಮುಗಿಯುವ ಮೊದಲೇ ತರಿಸಿ.

ಮನೆಯಲ್ಲಿ ನೋಡಿಕೊಳ್ಳುವುದಾದರೆ ಯಾರು ಯಾವ ಹೊತ್ತು ಎಂದು ಹಂಚಿಕೊಳ್ಳಿ. ಎಲ್ಲ ಭಾರ ಮನೆಯ ಒಬ್ಬ ಹೆಂಗಸಿನ ಮೇಲೆ ಬೀಳುವುದು ನಮ್ಮಲ್ಲಿ ರೂಢಿ. ಅದನ್ನು ಮೊದಲೇ ತಪ್ಪಿಸಿ. ಮಲಗಿದ್ದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಏಜೆನ್ಸಿಯಿಂದ ಜನ ಕರೆಸುವಾಗ ತರಬೇತಿಯಾದ ನರ್ಸ್ ಬೇಕೋ, ಸ್ನಾನ ಊಟ ನೋಡಿಕೊಳ್ಳುವ ಅಟೆಂಡರ್ ಸಾಕೋ ತೀರ್ಮಾನಿಸಿ. ಸಂಬಳ ಬೇರೆಬೇರೆ. ಸಾಮಾನ್ಯ ಆರೋಗ್ಯ ವಿಮೆ ಈ ಖರ್ಚನ್ನು ಕೊಡುವುದಿಲ್ಲ, ಇದಕ್ಕೆಂದೇ ಹಣ ಎತ್ತಿಡಿ.

ಮನೆಯಲ್ಲೇ ತೀರಿಕೊಂಡರೆ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಬೇಕು. ನೋಡುತ್ತಿದ್ದ ವೈದ್ಯರನ್ನು "ಆ ಹೊತ್ತಿಗೆ ಬಂದು ಬರೆದುಕೊಡುತ್ತೀರಾ?" ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು.

9. ಹಣ, ಮನೆ

ಜಿಪಿಎ (ನಿಮ್ಮ ಪರ ವ್ಯವಹರಿಸಲು ಬರೆದುಕೊಟ್ಟ ಅಧಿಕಾರ ಪತ್ರ) ಇದೆ, ಮಗ ಬ್ಯಾಂಕ್ ನೋಡಿಕೊಳ್ಳುತ್ತಾನೆ ಎಂದು ನೆಮ್ಮದಿಯಾಗಿರಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಬಿದ್ದುಹೋಗುತ್ತದೆ, ಸರಿಯಾಗಿ ಅದು ಬೇಕಾಗುವ ಹೊತ್ತಿನಲ್ಲೇ. ಆಮೇಲೆ ಪೋಷಕರನ್ನು ನೇಮಿಸಲು ಕೋರ್ಟ್ ಮೆಟ್ಟಿಲು ಹತ್ತಬೇಕು. ಉಳಿತಾಯ ಖಾತೆ, ಎಫ್‌ಡಿಗಳನ್ನು ನಂಬಿಕೆಯ ಒಬ್ಬರ ಜೊತೆ 'ಐದರ್ ಆರ್ ಸರ್ವೈವರ್' ಮಾಡಿಸಿ. ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು. ನಾಮಿನಿ ಹಾಕಿದರೆ ಸಾಲದು. ನಾಮಿನಿಗೆ ನೀವು ಬದುಕಿರುವಾಗ ಯಾವ ಅಧಿಕಾರವೂ ಇಲ್ಲ.

ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಮೊದಲು ಹತ್ತು ಸಲ ಯೋಚಿಸಿ. ಉಯಿಲು ಬರೆದರೂ ಅವರಿಗೇ ಹೋಗುತ್ತದೆ, ನೀವಿರುವವರೆಗೆ ನಿಮ್ಮ ಕೈಯಲ್ಲೇ ಇರುತ್ತದೆ. ಕೊಡಲೇಬೇಕಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. ಹಾಗಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳದಿದ್ದಾಗ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ ದಾನಪತ್ರ ರದ್ದು ಮಾಡಿಸಲು ಕೇಳಬಹುದು. ಹಿರಿಯರ ಸಹಾಯವಾಣಿ 14567.

10. ಆಗಾಗ ತೆಗೆದು ಓದಿ

ಹೊಸ ಕಾಯಿಲೆ ಬಂದಾಗ, ಸಂಗಾತಿ ತೀರಿಕೊಂಡಾಗ, ಹೆಸರಿಸಿದವರು ಊರು ಬಿಟ್ಟಾಗ ಪತ್ರವನ್ನು ಮತ್ತೆ ಓದಿ. ಮನಸ್ಸು ಬದಲಾಗಿದ್ದರೆ ನಾಚಿಕೆ ಪಡಬೇಡಿ, ಅದು ನಿಮ್ಮ ಹಕ್ಕು. ಹಿಂಪಡೆಯುವುದನ್ನೂ ಬರವಣಿಗೆಯಲ್ಲೇ ಮಾಡಿ. ಹೊಸದು ಬರೆದರೆ ಅದಕ್ಕೂ ಸಾಕ್ಷಿ, ನೋಟರಿ ಬೇಕು. ತಾರೀಖು ದೊಡ್ಡದಾಗಿ ಬರೆಯಿರಿ, "ಹಿಂದಿನದು ರದ್ದಾಗಿದೆ" ಎಂಬ ಸಾಲು ಹಾಕಿ. ಆಮೇಲೆ ಮಕ್ಕಳು, ವೈದ್ಯರು, ಪಂಚಾಯ್ತಿ ಎಂದು ಯಾರ ಯಾರ ಬಳಿ ಹಳೆಯ ಪ್ರತಿ ಇದೆಯೋ ಅವರೆಲ್ಲರಿಗೂ ಹೊಸದನ್ನು ಕೊಟ್ಟು ಹಳೆಯದನ್ನು ವಾಪಸ್ ತೆಗೆದುಕೊಳ್ಳಿ.